ಉಲ್ಟಾ ಕೂತ ಮಕ್ಕಳ ಡಾಕ್ಟರಮ್ಮ

ಎಲ್ಲರಿಗೂ ನಮಸ್ಕಾರ. ಡಾಕ್ಟರಮ್ಮನ ಯಜಮಾನರಿಗೆ, ಮಗಳಿಗೆ — ಮುಂದಿನ ಸಾಲಿನಲ್ಲೇ ಕೂತಿದ್ದೀರಿ — ಏನು ಹೇಳಲಿ? ನಿಮ್ಮ ಪಾಲಿನ ಹೊತ್ತನ್ನೆಲ್ಲ ನಮ್ಮ ಹೆರಿಗೆ ವಾರ್ಡು ನುಂಗಿಬಿಡ್ತು. ಆ ಋಣ ನಮ್ಮ ಮೇಲಿದೆ.

ಡಾಕ್ಟರಮ್ಮ ತೀರಿಕೊಂಡರು ಅಂತ ಮುಖ ಸಪ್ಪಗೆ ಮಾಡಿಕೊಂಡು ಮಾತಾಡಿದರೆ ಅವರಿಗೇ ಸಿಟ್ಟು ಬರುತ್ತೆ. ಅದಕ್ಕೇ ಒಂದು ನಡೆದ ಸಂಗತಿ ಹೇಳ್ತೀನಿ.

ನಮ್ಮ ವಾರ್ಡಿನ ನರ್ಸೇ ಆಗ ತುಂಬು ಬಸುರಿ — ಅಗೋ, ಆ ಕಂಬದ ಪಕ್ಕ ಕೂತು ನಗ್ತಿದ್ದಾಳಲ್ಲ, ಅವಳೇ! ದಿನ ತುಂಬ್ತಾ ಬಂದಿದೆ, ಮಗುವಿನ ತಲೆ ಮೇಲೆ, ಕುಂಡೆ ಕೆಳಗೆ. ಅವಳ ಅತ್ತೆಗೆ ಗಾಬರಿ. "ಉಲ್ಟಾ ಕೂತಿದೆಯಂತಲ್ಲಮ್ಮಾ, ಏನು ಗತಿ?"

"ಆರಾಮಾಗಿ ಕೂತಿದೆ ಅಜ್ಜಿ. ಎಬ್ಬಿಸಿ ನೋಡೋಣ" ಅಂದರು ಡಾಕ್ಟರಮ್ಮ.

ಪಕ್ಕದಲ್ಲಿ ಸ್ಕ್ಯಾನ್ ಮೆಷಿನ್ನು, ಮಗುವಿನ ಎದೆಬಡಿತ ಟಕಟಕ ಅಂತ ಕೇಳಿಸ್ತಿದೆ. ಹೊಟ್ಟೆಯ ಮೇಲೆ ಒಂದು ಕೈ ಹೀಗೆ, ಇನ್ನೊಂದು ಹೀಗೆ — ಮೆಲ್ಲಗೆ ಒತ್ತುತ್ತಾ, "ಬಾ ಕಂದಾ, ಒಂದು ಲಾಗ ಹಾಕು" ಅಂತ ಮಾತಾಡಿಸ್ತಾ — ತಿರುಗಿಸಿಯೇಬಿಟ್ಟರು! ಮುಂದಿನ ವಾರ ನೋಡಿದರೆ, ಅದು ಮತ್ತೆ ಮೊದಲಿನ ಹಾಗೇ ಕೂತಿದೆ. ಡಾಕ್ಟರಮ್ಮ ಹೊಟ್ಟೆ ಹಿಡ್ಕೊಂಡು ನಕ್ಕರು. "ಕುರ್ಚಿ ಬಿಡೋ ಆಸಾಮಿಯಲ್ಲ ಇದು!"

ಆಪರೇಷನ್ನೋ, ಹಾಗೇ ಹೆರಿಗೆಯೋ? ಎರಡರ ಅಪಾಯವನ್ನೂ ಬಿಡಿಸಿ ಹೇಳಿದರು. ಹಾಗೇ ಹೆರ್ತೀನಿ ಅಂದಳು ಇವಳು.

"ಆಗಲಿ. ಆದರೆ ನಾನು ಸಾಕು ಅಂದರೆ — ಸಾಕು."

ಇಂಥ ಹೆರಿಗೆಗೆ ಅವರ ಕೈಗುಣ ಹೆಸರುವಾಸಿ. ನೋವು ಶುರುವಾದ ದಿನ ಕಲಿಯೋ ಡಾಕ್ಟರುಗಳೆಲ್ಲ ಬಾಗಿಲಲ್ಲಿ ಜಮಾಯಿಸಿದ್ದರು. ಆದರೆ ಮಗು ಕೆಳಗಿಳೀಲೇ ಇಲ್ಲ. ಎದೆಬಡಿತ ನಿಧಾನವಾಯ್ತು. "ಇನ್ನೊಂಚೂರು ನೋಡೋಣ ಮೇಡಂ, ನಿಮ್ಮ ಕೈಲಿ ಆಗುತ್ತೆ" ಅಂತ ಇವಳು ಅಂಗಲಾಚಿದಳು.

ಡಾಕ್ಟರಮ್ಮ ಅವಳ ಹಣೆ ಒರೆಸಿದರು. "ನನ್ನ ಕೈಗೆ ಹೆಸರು ಬೇಡ ಮಗಳೇ, ನಿನ್ನ ಕೂಸಿಗೆ ಉಸಿರು ಬೇಕು. ಸಾಕು."

ಆಪರೇಷನ್ ಥಿಯೇಟರ್ ಮೊದಲೇ ಸಜ್ಜಾಗಿತ್ತು. ಹೆಣ್ಣು ಮಗು — ಅಲ್ಲೂ ಕುಂಡೆಯೇ ಮುಂದು! ಒಂದು ಗಳಿಗೆ ಅದರ ಉಸಿರಿಲ್ಲ — ನಮ್ಮದೂ ಇಲ್ಲ. ಆಮೇಲೆ ಕಿರುಚಿತು ನೋಡಿ! ಕಿರುಚುತ್ತಲೇ ಡಾಕ್ಟರಮ್ಮನ ಗೌನಿನ ತುಂಬ ಕಕ್ಕ. "ನನಗೆ ಸನ್ಮಾನ ಆಯ್ತಪ್ಪಾ" ಅಂದರು.

ಕೈಗುಣ ಇರೋರನ್ನ ಬೇಕಾದಷ್ಟು ಕಂಡಿದ್ದೀನಿ. ಎಲ್ಲರ ಕಣ್ಣೆದುರಿಗೆ ಆ ಕೈಯನ್ನ ಹಿಂದೆ ತೆಗೆಯೋ ಎದೆಗಾರಿಕೆ — ಅದು ಇವರೊಬ್ಬರಲ್ಲೇ ಕಂಡದ್ದು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವರು ಮಾತಿಲ್ಲದೆ ಒಂದು ನಿಮಿಷ ಇದ್ದದ್ದನ್ನು ನಾನಂತೂ ನೋಡಿಲ್ಲ. ಅವರ ಪರವಾಗಿ ನಾವು ಇರೋಣ. ಕಂಕುಳಲ್ಲಿ ಕೂಸು ಇರೋ ತಾಯಂದಿರೇ — ನಡುವೆ ಅದು ಅತ್ತರೆ, ಸುಮ್ಮನಿರಿಸಬೇಡಿ. ಅಳಲಿ.