ಹಾಳಿ ಹೊಳ್ಳಿಸುವ ಕೆಲಸ

ಮಾನ್ಯ ಅಧ್ಯಕ್ಷರಾದ ಕಮಲಾಕ್ಷ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಬಟಾಟೆವಡೆಯ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ಐವತ್ತೊಂದನೆಯ ವಯಸ್ಸಿನಲ್ಲಿ ಗ್ರಂಥಾಲಯ ಶಾಸ್ತ್ರದ ಸರ್ಟಿಫಿಕೇಟ್ ಪರೀಕ್ಷೆಗೆ ಕುಳಿತನೆಂದು ಈ ವೀರಭದ್ರಪ್ಪನಿಗೆ ಶಾಲು ಹೊದಿಸಿದ್ದೀರಿ. ಡೊಂಬಿವಲಿಯ ಮೇ ತಿಂಗಳ ಸೆಕೆಯಲ್ಲಿ ಶಾಲು! ಇದು ಸನ್ಮಾನವೋ ಶಿಕ್ಷೆಯೋ? ನನ್ನ ಮನೆಯವರು ನೀಲಗಂಗಾ ಅಂದೇ ಹೇಳಿದ್ದರು: "ಮೊಮ್ಮಗಳು ಪಾಟಿ ಹಿಡಿಯೋ ಹೊತ್ತಿನ್ಯಾಗ ನೀವು ಪರೀಕ್ಷಾಕ್ಕ ಹೊಂಟೀರಿ. ಮಂದಿ ಏನಂದಾರು?"

ನಾನೇಕೆ ಹೊರಟೆ? ಸಂಜೆ ಹೊತ್ತು ನಾನು ನೋಡಿಕೊಳ್ಳುವ ನಮ್ಮ ಕನ್ನಡ ಸಂಘದ ವಾಚನಾಲಯಕ್ಕೆ ಒಂದೇ ಕೋಣೆ, ನಿಯಮಗಳು ಮಾತ್ರ ಹದಿನೇಳು. ಸದಸ್ಯನಾಗಲು ಇಬ್ಬರ ಶಿಫಾರಸು ಬೇಕು, ಸ್ವಂತ ಮನೆಯ ವಿಳಾಸ ಬೇಕು. ಎಂಐಡಿಸಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿ ಲೋಡಿಂಗ್ ಮಾಡುವ ಕಲಬುರಗಿ ಕಡೆಯ ಸೈದಪ್ಪ ಮೊದಲು ಬಂದಾಗ, ನಿಯಮ ತೋರಿಸಿ ಹೊರಗೆ ಕಳಿಸಿದವನು ನಾನೇ. ಇದನ್ನು ಹೇಳಬಾರದೆಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು.

ಅವನು ಜಗಳವಾಡಲಿಲ್ಲ. ಮರುದಿನ ಸಂಜೆ ಕಿಟಕಿಯ ಹೊರಗೆ ನಿಂತ. ಒಳಗೆ ಸರಳಿನ ಪಕ್ಕದಲ್ಲೇ ಪತ್ರಿಕೆಯ ಸ್ಟ್ಯಾಂಡು. ಮೊದಲ ಪುಟ ಮುಗಿಸಿ ಕರೆದ: "ಸರ, ಹಾಳಿ ಹೊಳ್ಳಸ್ರಿ." ಎದ್ದು ಪುಟ ತಿರುವಿ ಹಾಕಿದೆ. ಮತ್ತೆ, "ಸರ, ಹಾಳಿ." ಎರಡು ವರ್ಷ, ಸಭಿಕರೇ! ಮಳೆಯಲ್ಲಿ ತಲೆಗೆ ಗೋಣಿಚೀಲ ಹೊದ್ದು ಅವನು ಆಚೆ, ಫ್ಯಾನಿನ ಕೆಳಗೆ ನಾನು ಈಚೆ. ಒಮ್ಮೆ ಜ್ವರ ಬಂದು ನಾಲ್ಕು ದಿನ ನಾನು ಹೋಗಲಿಲ್ಲ. ಅವನು ನಾಲ್ಕು ದಿನವೂ ಅದೇ ಪುಟ ಓದಿದನಂತೆ. ಅಂದು ನನಗೆ ನಾಚಿಕೆಯಾಯಿತು.

ಅಧ್ಯಕ್ಷರ ಬಳಿ ಹೋಗಿ ಎಲ್ಲರಿಗೂ ಪ್ರವೇಶ ಕೊಡೋಣವೆಂದೆ. ಅವರೆಂದರು: "ಸಿಕ್ಕಿದವರಿಗೆಲ್ಲ ಬಾಗಿಲು ತೆಗೆದ್ರೆ ಪುಸ್ತಕ ಉಳೀತದಾ ಮಾರಾಯ್ರೆ? ಶಾಸ್ತ್ರ ಗೊತ್ತಿದ್ದವರು ಒಬ್ರು ಬೇಕು. ನೀವು ಪರೀಕ್ಷೆ ಪಾಸಾಗಿ ಬನ್ನಿ, ಮತ್ತೆ ನೋಡುವ."

ಹೀಗೆ ಆರು ತಿಂಗಳು ಪ್ರತಿ ಭಾನುವಾರ ದಾದರಿನ ತರಗತಿಗೆ ಹೋದೆ. ಕೊನೆಗೆ ಮೌಖಿಕ ಪರೀಕ್ಷೆ. "ಪುಸ್ತಕಗಳನ್ನು ಹೇಗೆ ಜೋಡಿಸುತ್ತೀರಿ?" ಎಂದರು. ನಾನು ಇದ್ದದ್ದನ್ನೇ ಹೇಳಿದೆ. ನಮ್ಮಲ್ಲಿ ಲೋಕಲ್ ರೈಲು ಹತ್ತಿದರೆ ಠಾಣೆ ಸ್ಟೇಷನ್ ಬರುವಷ್ಟರಲ್ಲಿ ಮುಗಿಯುವ ಕಥೆಗಳು ಮೇಲಿನ ಸಾಲು, ಕುರ್ಲಾದವರೆಗಿನವು ನಡುವೆ, ವಾರವಿಡೀ ವಿಟಿಗೆ ಹೋಗಿ ಬಂದರೂ ಮುಗಿಯದ ಕಾದಂಬರಿಗಳು ಕೆಳಗೆ. ನಿಂತು ಓದುವವರಿಗೆ ತೆಳ್ಳಗಿನವು ಬೇರೆ. ಪರೀಕ್ಷಕರು ಕನ್ನಡಕ ತೆಗೆದರು. "ಈ ಪದ್ಧತಿ ಯಾವ ಗ್ರಂಥದಲ್ಲಿದೆ?" "ಸ್ಲೋ ಲೋಕಲ್‌ನಲ್ಲಿದೆ ಸಾರ್," ಎಂದೆ.

ಇರಲಿ. ಅಧ್ಯಕ್ಷರು ಈಗಷ್ಟೇ ಇದೇ ಮೈಕಿನಲ್ಲಿ, ನಾಳೆಯಿಂದ ವಾಚನಾಲಯ ಎಲ್ಲರಿಗೂ ತೆರೆದಿರುತ್ತದೆ ಎಂದು ಸಾರಿದರು. ನೀವೂ ಚಪ್ಪಾಳೆ ತಟ್ಟಿದಿರಿ. ಹಗಲೆಲ್ಲ ನಾನು ಕಚೇರಿಯಲ್ಲಿರುತ್ತೇನೆ. ಬೆಳಗಿನ ಬಾಗಿಲು ಸೈದಪ್ಪ ತೆಗೆಯಲಿ. ಸೈದಪ್ಪಾ, ಮುಂದ ಬಾ. ಅಧ್ಯಕ್ಷರೇ, ಕೀಲಿಕೈಯನ್ನು ನಿಮ್ಮ ಕೈಯಾರೆ ಕೊಡಿ. ಹಾಂ, ಫೋಟೋ ಬಂತೇನ್ರಿ? ಬಂತಲ್ಲ? ಒಳ್ಳೆಯದಾಯಿತು.

ಈಗ ಒಂದು ಸಣ್ಣ ವಿಷಯ. ಇಂದು ಮಧ್ಯಾಹ್ನ ಅಂಚೆಯಲ್ಲಿ ನನ್ನ ಫಲಿತಾಂಶ ಬಂತು. ನಪಾಸಾಗಿದ್ದೇನೆ.

ಅಧ್ಯಕ್ಷರೇ, ಏಳಬೇಡಿ. ನಾನು ಪಾಸಾಗಿಯೇ ಇರುತ್ತೇನೆಂದು ನಂಬಿ ನೀವು ಸಾರಿದಿರಿ, ನಿಜ. ಇಷ್ಟು ಜನರೆದುರು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರು ನೀವಲ್ಲವೆಂದು ನನಗೆ ಗೊತ್ತು. ಶಾಲನ್ನು ಕುರ್ಚಿಯ ಮೇಲೆ ಇಟ್ಟಿದ್ದೇನೆ, ನಾನು ಮತ್ತೆ ಪರೀಕ್ಷೆಗೆ ಕೂರುತ್ತೇನೆ. ನನ್ನಂಥವನ ಮಾತನ್ನು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು.

ಸೈದಪ್ಪಾ, ನನ್ನ ಮಾರಿ ಏನ್ ನೋಡ್ತಿ? ನಾಳಿತನಕ ಕಾಯಬ್ಯಾಡ. ಓಡು, ಬಾಗಲಾ ತಗಿ.

ಎಲ್ಲರಿಗೂ ನಮಸ್ಕಾರ.