ಮರಳೋ, ಗ್ಯಾಲಿಯಮ್ಮೋ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನೋವು ಮರೆಯಲೆಂದು ಮನಸ್ಸಿನಲ್ಲೇ ಪದ್ಯ ಹೇಳಿಕೊಳ್ಳುತ್ತಿದ್ದ ಅಜ್ಜಿಯೊಬ್ಬರಿಗೆ ಎದುರು ಬೆಂಚಿನ ಅಣ್ಣತಮ್ಮಂದಿರ ಮಾತಿನಿಂದ ಸಾಲೇ ತಪ್ಪಿಹೋಯಿತು. ಅಣ್ಣನ ಕೆನ್ನೆ ಚೆಂಡಿನಂತೆ ಊದಿತ್ತು. ತಮ್ಮನ ಮೇಲಿನ ತಾತ್ಸಾರ ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

"ಒಂದೇ ಒಂದು ಸಹಿ ಅಣ್ಣಾ. ಅಪ್ಪ ನಮ್ಮಿಬ್ಬರ ಹೆಸರಿಗೆ ಬಿಟ್ಟುಹೋದ ಸಿಲಿಕಾನ್ ಕಂಪನಿ ಶೇರು ಮಾರಿಬಿಡೋಣ. ಇನ್ಮುಂದೆ ಮೊಬೈಲ್ ಟವರಿನ ಚಿಪ್ ಎಲ್ಲ ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್‌ನಲ್ಲಿ ಮಾಡ್ತಾರಂತೆ, ದುಡ್ಡು ಅದಕ್ಕೆ ಹಾಕೋಣ."

"ಅಂತೆ! ಯಾರೋ ಹೇಳಿದ್ದು?"

"ವಿಡಿಯೋದಲ್ಲಿ ನೋಡಿದೆ. ಎಷ್ಟು ಬಿಸಿಯಾದ್ರೂ ತಡ್ಕೊಳ್ಳುತ್ತಂತೆ."

"ನಿನ್ನನ್ನ ಇಷ್ಟು ವರ್ಷ ತಡ್ಕೊಂಡಿದೀನಿ. ಹಾಗಾದ್ರೆ ದುಡ್ಡು ನನ್ನ ಮೇಲೇ ಹಾಕು ಹೋಗು."

"ತಮಾಷೆ ಬೇಡ. ಸಿಲಿಕಾನಿನ ಕಾಲ ಮುಗೀತು."

"ಹೋದ ವರ್ಷ ಗ್ಯಾಲಿಯಂ ಆರ್ಸೆನೈಡ್ ಅಂತ ಕುಣಿದೆ. ಅದಕ್ಕೂ ಮುಂಚೆ ಇಂಡಿಯಂ ಏನೋ ಅಂದೆ. ಹೆಸರು ನಾಲಿಗೆ ಮೇಲೆ ಹೊರಳಿದ್ರೆ ಸಾಕು, ದುಡ್ಡು ಸುರೀತೀಯ."

"ಸಿಲಿಕಾನ್ ಬಗ್ಗೆ ನಿನಗೇನು ಗೊತ್ತು, ಹೇಳು?"

"ಅದನ್ನ ಮರಳಿಂದ ಮಾಡ್ತಾರೆ. ಮರಳು ಯಾವತ್ತಾದ್ರೂ ಕೆಡುತ್ತೇನೋ?"

"ಅಬ್ಬಾ, ಏನು ಲೆಕ್ಕಾಚಾರ!"

ಅಜ್ಜಿ ನೋಯುವ ದವಡೆಯನ್ನು ಒತ್ತಿಹಿಡಿದು ನಗು ನುಂಗಿದರು.

ಅಷ್ಟರಲ್ಲಿ ನರ್ಸ್ ಅಣ್ಣನನ್ನು ಒಳಗೆ ಕರೆದಳು. ಅವನು ಎದ್ದು ನಿಂತ.

"ಹಲ್ಲು ಕಿತ್ತ ಮೇಲೆ ಮಾತಾಡೋಕಾಗಲ್ಲ. ಅದಕ್ಕೆ ಈಗಲೇ ಕೇಳಿಸ್ಕೋ. ನಾನು ಸಹಿ ಹಾಕಲ್ಲ."

"ಬಾಯಿ ಮರಗಟ್ಟಿದ್ರೆ ಒಳ್ಳೇದೇ ಆಯ್ತು. ಸಹಿಗೆ ಕೈ ಸಾಕು."

ಅಣ್ಣ ಬಲಗೈಯನ್ನು ಜೇಬಿನ ತಳಕ್ಕಿಳಿಸಿ, ಬಾಗಿಲನ್ನು ಹೆಗಲಿನಿಂದಲೇ ತಳ್ಳಿಕೊಂಡು ಒಳಗೆ ಹೋದ. ತಮ್ಮ ಪೆನ್ನಿನ ಮುಚ್ಚಳ ತೆಗೆಯುತ್ತ ಹಿಂದೆಯೇ ನಡೆದ.