ಸುಟ್ಟ ಗುಡ್ಡಕ್ಕೆ ಅಕ್ಕಿ ಚೀಲ

ಅಲ್ಲ, ಬೆಂಕಿ ಆರಿದ ಮೇಲೇ ನಮಗೆ ಕಷ್ಟ ಶುರುವಾಗಿದ್ದು, ಅದನ್ನ ಹೇಳ್ತಾ ಇದ್ದೆ. ಬೆಂಕಿನ ನೀವು ಫೋಟೋದಲ್ಲಿ ನೋಡಿದ್ದೀರಿ. ಇದೇ ಸೀಡರ್ ಪಾರ್ಕ್ ಊರು, ಇದೇ ಬೀದಿ, ಹಿಂದಿನ ಗುಡ್ಡ ಪೂರ್ತಿ ಕಪ್ಪು. ಮನೆಗಳ ಬೇಲಿ ತನಕ ಬಂದು ನಿಂತಿತು, ಫೈರ್‌ನವರ ಪುಣ್ಯ. ದೇವರಿಗೆ ತುಪ್ಪದ ದೀಪ ಹಚ್ಚಿ ಎಲ್ಲ ಮುಗೀತು ಅಂದ್ಕೊಂಡ್ವಿ. ಆಮೇಲೆ ಸಿಟಿ ಆಫೀಸಿಂದ ಒಬ್ಬರು ಬಂದು, ಜೋರು ಮಳೆ ಬಂದ್ರೆ ಗುಡ್ಡದ ಮಣ್ಣು ಕೆಳಗಿಳಿಯುತ್ತೆ, ಹುಷಾರು ಅಂದ್ರು. ನಿಮ್ಮ ತಾತ ನಂಬಲಿಲ್ಲ. ಇಷ್ಟು ವರ್ಷ ಮಳೆ ಬಂದಿಲ್ವಾ ಅಂದ್ರು. ನಾನು ಒಂದು ಚೊಂಬು ನೀರು ತಗೊಂಡು ಹೋಗಿ ಆ ಸುಟ್ಟ ಮಣ್ಣಿನ ಮೇಲೆ ಸುರಿದೆ. ಗೊತ್ತಾ, ಒಂದು ಹನಿ ಇಂಗಲಿಲ್ಲ. ಎಣ್ಣೆ ಸವರಿದ ಕಾವಲಿ ಮೇಲೆ ಹಾಕಿದ ಹಾಗೆ ಉಂಡೆ ಉಂಡೆಯಾಗಿ ಉರುಳಿ ಹೋಯ್ತು. ಹುಲ್ಲಿಲ್ಲ, ಪೊದೆ ಇಲ್ಲ, ನೀರನ್ನ ಹಿಡಿಯೋಕೆ ಏನೂ ಉಳಿದಿರಲಿಲ್ಲ. ಆಗ ತಾತ ನಂಬಿದ್ರು.

ನಮ್ಮನೆ ಬೀದಿಯ ಈಚೆ ಏರಲ್ಲಿದೆ, ನಮಗೆ ಭಯ ಇರಲಿಲ್ಲ. ಭಯ ಇದ್ದಿದ್ದು ಶ್ವೇತಾಗೆ. ನೀವು ಶ್ವೇತಾ ಆಂಟಿ ಅಂತೀರಲ್ಲ, ಅವಳ ಮನೆ ಗುಡ್ಡದ ಬುಡದಲ್ಲೇ, ನೀರು ಹರಿದು ಬರೋ ತಗ್ಗಿಗೆ ನೇರ. ಆಗಷ್ಟೇ ಹೆರಿಗೆ ಆಗಿತ್ತು. ಬಾಣಂತನಕ್ಕೆ ಅವಳ ತಾಯಿ ಗಂಗಕ್ಕ ಹುಬ್ಬಳ್ಳಿಯಿಂದ ಬಂದಿದ್ರು. ಬಾಣಂತಿ ಕೋಣೆ ಹಿಂಭಾಗದಲ್ಲಿ, ಗುಡ್ಡದ ಕಡೆ ಕಿಟಕಿ. ಸಿಟಿಯವರು ಗುಡ್ಡಕ್ಕೆ ಅಡ್ಡಡ್ಡ ಹುಲ್ಲಿನ ಸುರುಳಿ ಹಾಸಿ ಹೋದ್ರು, ನೀರಿನ ಓಟ ಕಮ್ಮಿ ಮಾಡೋಕೆ. ಮನೆ ಹಿಂದೆ ಮರಳು ಮೂಟೆ ನೀವೇ ಜೋಡಿಸ್ಕೊಳ್ಳಿ, ಮರಳು ಕೊಡ್ತೀವಿ, ಚೀಲ ಖಾಲಿ ಆಗಿದೆ ಅಂದ್ರು. ಚೀಲಕ್ಕೇನು ಬರ? ನಮ್ಮವರ ಯಾವ ಗರಾಜಲ್ಲಿ ಖಾಲಿ ಅಕ್ಕಿ ಚೀಲ ಇಲ್ಲ ಹೇಳಿ. ಯಾವುದಕ್ಕಾದ್ರೂ ಆಗುತ್ತೆ ಅಂತ ಮಡಚಿ ಇಟ್ಟಿರ್ತೀವಿ. ಎಸೀತೀನಿ ಅಂತ ನಿಮ್ಮಮ್ಮ ನನ್ನ ಜೊತೆ ಎಷ್ಟು ಸಲ ಜಗಳ ಆಡಿಲ್ಲ. ವಾಟ್ಸಾಪಲ್ಲಿ ಹಾಕಿದ್ದೇ ತಡ, ಬೀದಿಬೀದಿಯಿಂದ ಬಂತು. ದೂರದ ಶುಗರ್ ಲ್ಯಾಂಡ್ ಊರಿಂದ ಬರ್ತಿದ್ದವರು ಒಂದು ಕಟ್ಟು ತಂದ್ರು. ಪ್ರಾಸ್ಪರ್ ಊರಿಂದ ನಿಮ್ಮ ದೊಡ್ಡಪ್ಪ ಕಾರು ತುಂಬ ತಂದ. ಅಲ್ಲ, ತಪ್ಪು, ಡ್ರೈವ್ ಮಾಡಿದ್ದು ದೊಡ್ಡಮ್ಮ. ಅವನು ಪಕ್ಕದಲ್ಲಿ ನಿದ್ದೆ ಹೊಡ್ಕೊಂಡು ಬಂದ.

ಶನಿವಾರ ಬೆಳಗ್ಗೆಯಿಂದ ತುಂಬಿದ್ವಿ. ತುಂಬಿದ್ವಿ ಅಂದ್ರೆ ಹೇಗೆ, ಅಕ್ಕಿ ತುಂಬಿದ ಹಾಗೆ, ಕುಕ್ಕಿ ಕುಕ್ಕಿ, ಬಾಯಿ ತನಕ. ಒಂದು ಚೀಲ ಸಡಿಲ ಕಂಡ್ರೆ ಗಂಗಕ್ಕ ಬಿಡ್ತಿರಲಿಲ್ಲ, ಇನ್ನೊಂದು ಬೊಗಸೆ ಹಾಕ್ರಿ ಅನ್ನೋರು. ಸಂಜೆಗೆ ಗೋಡೆ ಎದ್ದಿತು, ತಾತ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ರು. ನನಗೆ ಸಮಾಧಾನ ಆಗಲಿಲ್ಲ. ಪೈಪ್ ಹಿಡಿದು ಆ ಕಡೆಯಿಂದ ನೀರು ಬಿಟ್ಟೆ. ಬಿಟ್ಟ ನೀರೆಲ್ಲ ಈ ಕಡೆ. ಯಾಕೆ ಹೇಳಿ? ಗಟ್ಟಿ ತುಂಬಿದ ಚೀಲ ಕುಂಬಳಕಾಯಿ ಥರ ದುಂಡಗಿರುತ್ತೆ. ಎರಡರ ನಡುವೆ ಸಂದು. ಅರ್ಧ ತುಂಬಿ ತುಳಿದ್ರೆ ಚಪ್ಪಟೆಯಾಗಿ ಒಂದಕ್ಕೊಂದು ಒತ್ಕೊಂಡು ಕೂರುತ್ತೆ. ನಾಲ್ಕು ಚೀಲ ಹಾಗೆ ಮಾಡಿ ಮತ್ತೆ ನೀರು ಬಿಟ್ಟೆ, ನಿಂತಿತು. ಎಲ್ಲ ಬಿಚ್ಚಿ ಅರ್ಧ ಮಾಡಬೇಕು ಅಂದೆ. ತಾತ ಸೊಂಟ ಹಿಡ್ಕೊಂಡು ಕೂತ್ರು. ಗಂಗಕ್ಕನ ಮುಖ ಸಣ್ಣಗಾಯ್ತು. ಕೂಸಿನ ಮನಿಗೆ ಅರ್ಧಾ ತುಂಬಿದ್ದು ತರಬಾರದ್ರಿ, ಚೊಲೋ ಅಲ್ಲ ಅಂದ್ರು. ನಾನು ಕೇಳಿದೆ, "ಗಂಗಕ್ಕ, ತೊಟ್ಟಿಲಿಗೆ ಹಾಸಿಗೆ ಮಾಡೋವಾಗ ಹತ್ತಿನ ಕಲ್ಲಿನ ಹಾಗೆ ಗಟ್ಟಿ ತುಂಬ್ತೀರಾ? ಮಗು ಮೈಗೆ ಹೊಂದಬೇಕಲ್ವಾ?" ಆಮೇಲೆ ಸೆರಗು ಸಿಕ್ಕಿಸ್ಕೊಂಡು ಮೊದಲನೇ ಚೀಲ ಅವರೇ ಬಿಚ್ಚಿದ್ರು. ಮಾರನೇ ದಿನ ಇಡೀ ಅದೇ ಕೆಲಸ. ಪಕ್ಕದ ಮನೆ ಮರಿಯಾ, ಅವಳ ಗಂಡ, ಭಾಷೆ ಗೊತ್ತಿಲ್ಲದವರೂ ಬಂದು ತುಳಿದ್ರು. ಗೋಡೆನ ಓರೆಯಾಗಿ ಕಟ್ಟಿದ್ವಿ, ಮಣ್ಣು ಬಂದ್ರೆ ರಸ್ತೆ ಕಡೆ ತಿರುಗಲಿ ಅಂತ.

ಮುಂದಿನ ವಾರ ಫೋನಿಗೆ ಸಿಟಿಯವರ ಮೆಸೇಜ್ ಬಂತು, ನಾಳೆ ಜೋರು ಮಳೆ, ಗುಡ್ಡದ ಬುಡದವರು ಮನೆ ಬಿಡಿ ಅಂತ. ಶ್ವೇತಾ ಗಂಡ ಹೋಟೆಲ್ ಬುಕ್ ಮಾಡಿದ. ಗಂಗಕ್ಕ ಒಪ್ಪಲಿಲ್ಲ. "ಬಾಣಂತಿನ್ನ ಹೋಟೆಲಿಗೆ ಒಯ್ತಾರೇನ್ರಿ? ಅಲ್ಲೆ ಎಣ್ಣಿ-ನೀರು ಯಾರು ಹಾಕ್ತಾರ? ಗ್ವಾಡಿ ಕಟ್ಟೇವಲ್ಲ, ಇಲ್ಲೇ ಇರ್ತೇವಿ." ಶ್ವೇತಾ ಅಳ್ತಾ ನನಗೆ ಫೋನ್ ಮಾಡಿದಳು. ನಾನು ಹೋಗಿ ವಾದ ಮಾಡಲಿಲ್ಲ. ಗಂಗಕ್ಕ, ನಮ್ಮನೆ ಬಚ್ಚಲು ನಿಮ್ಮದು, ಒಲೆ ನಿಮ್ಮದು, ಬನ್ನಿ ಅಂದೆ. ಬಂದ್ರು. ಮಗುಗೆ ನೀರು ಹಾಕಿ ಲೋಬಾನದ ಹೊಗೆ ಹಾಕಿದ್ರು ನೋಡಿ, ಮನೆಯ ಸ್ಮೋಕ್ ಅಲಾರಂ ಎಲ್ಲ ಒಟ್ಟಿಗೆ ಬಡ್ಕೊಂಡ್ವು. ತಾತ ಕುರ್ಚಿ ಹತ್ತಿ ಟವೆಲ್ ಬೀಸ್ತಾ ನಿಂತ್ರು. ಮಗು ಮಾತ್ರ ನಿದ್ದೆ.

ಮಾರನೇ ದಿನ ಮಧ್ಯಾಹ್ನ ಮಳೆ ಹಿಡೀತು. ನಮ್ಮ ಮಹಡಿ ಕಿಟಕಿಯಿಂದ ಕಾಣ್ತಿತ್ತು. ಮೊದಲು ಕಪ್ಪು ನೀರು, ಆಮೇಲೆ ಗಂಜಿ ಥರ ಮಂದ ಕೆಸರು, ಅದರಲ್ಲಿ ಕಲ್ಲು, ಸುಟ್ಟ ಮರ. ನೇರ ಶ್ವೇತಾ ಮನೆಗೆ. ಚೀಲದ ಗೋಡೆಗೆ ಬಡಿದು, ನಿಂತು, ನಿಧಾನವಾಗಿ ರಸ್ತೆ ಕಡೆ ತಿರುಗ್ತು. ತಾತ ನನ್ನ ಕೈ ಹಿಡ್ಕೊಂಡ್ರು. ಮಳೆ ನಿಂತು, ಹೋಗಬಹುದು ಅಂದ ಮೇಲೆ ಹೋಗಿ ನೋಡಿದ್ವಿ. ಮನೆ ಒಳಗೆ ಕೆಸರಿಲ್ಲ. ಆದ್ರೆ ಒಂದು ದಿಮ್ಮಿ ಗೋಡೆ ಮೇಲಿಂದ ಹಾರಿ, ಬಾಣಂತಿ ಕೋಣೆ ಕಿಟಕಿ ಒಡ್ಕೊಂಡು, ತೊಟ್ಟಿಲ ಮೇಲೆ ಬಿದ್ದಿತ್ತು. ಖಾಲಿ ತೊಟ್ಟಿಲು. ಗಂಗಕ್ಕ ತೊಟ್ಟಿಲಲ್ಲಿ ಬಿದ್ದ ಗಾಜಿನ ಚೂರು ಒಂದೊಂದೇ ಆರಿಸಿದ್ರು. ಆಮೇಲೆ, "ನೀವು ಕರದ್ರಿ, ಬಂದ್ವಿ" ಅಂದ್ರು. ಅಷ್ಟೇ ಅಂದಿದ್ದು.

ಆ ಮೂಟೆ ತುಳಿದ ಒಬ್ಬೊಬ್ಬರನ್ನೂ ನಾನು ಇವತ್ತಿಗೂ ನೆನೀತೀನಿ. ಮನೆ ಉಳಿದಿದ್ದು ಅವರಿಂದ. ಮಗು ಉಳಿದಿದ್ದು ಮನೆ ಬಿಟ್ಟಿದ್ದರಿಂದ. ಗೋಡೆ ಚೆನ್ನಾಗಿ ಕಟ್ಟಿ, ಹೊರಡಿ ಅಂದಾಗ ಗೋಡೆ ನಂಬ್ಕೊಂಡು ಕೂರಬೇಡಿ. ಸರಿ, ಏಳಿ, ಅನ್ನ ಆರ್ತಾ ಇದೆ.